ನಾಲ್ಕು ಚಕ್ರದ ನಾಲ್ಕು ಮುಚ್ಚಳ

ಟೈರ್ ಅಂಗಡಿಯ ಬಾಬು ಕಾರಿನ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಗಾಳಿ ತುಂಬುವ ವಾಲ್ವಿನ ಮೇಲಿದ್ದ ಪುಟ್ಟ ಕ್ಯಾಪನ್ನು ಬೆರಳಿನಿಂದ ತಿರುಗಿಸಿ ನೋಡಿದ. ಪ್ಯಾಂಟಿಗೆ ಬೆರಳು ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ನಾಲ್ಕೂ ಚಕ್ರಗಳನ್ನು ಸುತ್ತಿ ಬಂದು, ಗೌತಮಿಯ ಮುಖ ನೋಡದೆ, "ಮ್ಯಾಡಮ್, ಚಾರೋ ಜಾಮ್ ಹೈ," ಅಂದ.

ನಾಲ್ಕೂ ಹಿಡಿದುಕೊಂಡಿವೆ. ಅದು ಅವಳಿಗೆ ಗೊತ್ತಿತ್ತು. ಎರಡು ತಿಂಗಳಿನಿಂದ ಗೊತ್ತಿತ್ತು.

ಬಾಬು ಹೇಳಿದ ಉಪಾಯ ಸರಳವಾಗಿತ್ತು. ಕ್ಯಾಪಿನ ಸಮೇತ ಹಳೆಯ ವಾಲ್ವನ್ನು ಕತ್ತರಿಸಿ ಎಸೆಯುವುದು, ಟೈರನ್ನು ರಿಮ್ಮಿನಿಂದ ಬಿಡಿಸಿ ಹೊಸ ವಾಲ್ವು ಕೂಡಿಸುವುದು. ನಾಲ್ಕಕ್ಕೂ ಸೇರಿ ಒಂದು ತಾಸು. ಅಷ್ಟರೊಳಗೆ ಮ್ಯಾಡಮ್ ಎದುರಿನ ಗಾಡಿಯಲ್ಲಿ ತರ್ರಿ ಪೋಹೆ, ಖಾರದ ರಸ ಹಾಕಿದ ಅವಲಕ್ಕಿ, ತಿಂದು ಬರಬಹುದು.

ಗೌತಮಿ ಬೇಡ ಅಂದಳು. ಯಾಕೆ ಬೇಡವೆಂದು ಅವನು ಕೇಳಲಿಲ್ಲ. ಟೈರಿಗೆ ಚಪ್ಪಲಿಯಿಂದ ಮೆಲ್ಲಗೆ ಒದ್ದು, ಗಾಳಿ ತೀರ ಕಡಿಮೆಯಿದೆ, ಊರೊಳಗೆ ಓಡಿಸಿ, ವರ್ಧಾ ರೋಡಿಗೆ ಮಾತ್ರ ಹೋಗಬೇಡಿ ಎಂದ. ಅವಳು ಮುಂದಿನ ಭಾನುವಾರ ಹೋಗಬೇಕಾಗಿದ್ದದ್ದೇ ವರ್ಧಾಕ್ಕೆ. ಮಗಳು ಅಮೂಲ್ಯಾ ಅಲ್ಲಿಯ ಕಾಲೇಜಿನ ಹಾಸ್ಟೆಲಿಗೆ ಸೇರಿ ಮೂರು ವಾರವಾಗಿತ್ತು.

ನಾಗಪುರದ ತ್ರಿಮೂರ್ತಿ ನಗರದ ತನ್ನ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸಿದ ಮೇಲೂ ಗೌತಮಿ ಇಳಿಯಲಿಲ್ಲ. ಎರಡು ದಿನ ಬಿಡದೆ ಸುರಿದ ಮಳೆ ಬೆಳಿಗ್ಗೆ ನಿಂತು, ಬಿಸಿಲು ಅಂಟಂಟಾಗಿತ್ತು. ಫೋನು ಕೈಯಲ್ಲಿ ಹಿಡಿದು ಕೂತಳು. ಗಿರಿಧರನ ಹೆಸರು ತೆರೆದಳು, ಮುಚ್ಚಿದಳು. ಮನೆಗೆ ಹೋಗಿ ಚಹಾ ಮಾಡಿದಳು, ಕುಡಿಯಲಿಲ್ಲ. ಒಗೆದು ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚಿದಳು. ಮಗಳ ಕೋಣೆಯ ಫ್ಯಾನು ಯಾರೂ ಇಲ್ಲದೆ ತಿರುಗುತ್ತಿತ್ತು. ಅದನ್ನು ಹಾಕಿದ್ದು ತಾನೇ ಎಂದು ನೆನಪಾಗಿ ಆರಿಸಿದಳು.

ಗಿರಿಧರನಿಗೆ ಅವಳಿಂದ ಒಂದು ಉತ್ತರ ಬರಬೇಕಾಗಿತ್ತು. ಜನವರಿಯಿಂದ ಬಾಕಿ.

ಅವನು ಊರ ಹೊರಗಿನ ಹಿಂಗಣಾದ ಒಂದು ಗೇರ್ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ಗದಗಿನ ಕಡೆಯವನು, ನಾಗಪುರಕ್ಕೆ ಬಂದು ಇಪ್ಪತ್ತೆರಡು ವರ್ಷ, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಭಾನುವಾರ ಸಂಜೆ ಕನ್ನಡ ಸಂಘದಲ್ಲಿ ಇಲ್ಲಿಯೇ ಹುಟ್ಟಿದವರಿಗೆ ಕನ್ನಡ ಓದು ಕಲಿಸುತ್ತಿದ್ದ. ಮಗಳನ್ನು ಬಿಡಲು ಹೋದ ಗೌತಮಿ ಹಿಂದಿನ ಬೆಂಚಿನಲ್ಲಿ ಕೂತು ತಾನೂ ಕಲಿತಳು. ಅಪ್ಪ ಧಾರವಾಡದವರಾದರೂ ಅವಳು ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಅವನು ಬರೆದ ವಾಟ್ಸಾಪ್ ಮೆಸೇಜುಗಳನ್ನು ಈಗಲೂ ಅವಳು ತುಟಿ ಅಲ್ಲಾಡಿಸಿಕೊಂಡು, ನಿಧಾನವಾಗಿ ಓದುತ್ತಿದ್ದಳು. ಹಾಗೆ ಓದುವುದರಿಂದ ಒಂದೊಂದು ಮಾತೂ ಬಹಳ ಹೊತ್ತು ಬಾಯಲ್ಲಿರುತ್ತಿತ್ತು.

ಸಂಕ್ರಾಂತಿಯ ಮರುದಿನ, ಸಂಘದ ಪುಸ್ತಕದ ಕಪಾಟಿಗೆ ಹೊಸ ಚಿಲಕ ಹಾಕುತ್ತಾ, ಸ್ಕ್ರೂ ಕೇಳುವ ದನಿಯಲ್ಲೇ ಅವನು ಕೇಳಿದ್ದ, "ನಾವಿಬ್ರು ಮದುವಿ ಆಗೂಣೇನ್ರಿ?" ಅವಳ ಕೈಯಲ್ಲಿದ್ದ ಸ್ಕ್ರೂಗಳು ನೆಲಕ್ಕೆ ಬಿದ್ದು ಉರುಳಿದವು. ಇಬ್ಬರೂ ಬಗ್ಗಿ ಹುಡುಕಿದರು. ಹುಡುಕುತ್ತಲೇ ಅವಳು, ಅಮೂಲ್ಯಾನ ಪರೀಕ್ಷೆ ಮುಗಿಯಲಿ ಎಂದಳು.

ಪರೀಕ್ಷೆ ಮುಗಿಯಿತು. ರಿಸಲ್ಟ್ ಬರಲಿ ಎಂದಳು. ರಿಸಲ್ಟ್ ಬಂತು. ಅಡ್ಮಿಶನ್ ಆಗಲಿ ಎಂದಳು. ಅಡ್ಮಿಶನ್ ಆಗಿ, ಮಗಳ ಟ್ರಂಕು, ಬಕೆಟ್ಟು, ಹಾಸಿಗೆಗಳನ್ನು ಕಾರಿಗೆ ತುಂಬಲು ಬಂದವನು ಗಿರಿಧರನೇ. ಡಿಕ್ಕಿ ಮುಚ್ಚಿ ಹೇಳಿದ, "ಇನ್ನ ನಾ ಕೇಳಂಗಿಲ್ರಿ, ಗೌತಮಿ ಅವರ. ಪದೇ ಪದೇ ಕೇಳಿದ್ರ ನಿಮಗ ತ್ರಾಸ ಆಗ್ತೈತಿ. ಹೇಳಬೇಕನಿಸಿದಾಗ ನೀವ ಹೇಳ್ರಿ." ಅಂದಿನಿಂದ ಮೆಸೇಜೂ ಇಲ್ಲ. ಸಿಟ್ಟಿಲ್ಲ, ಬೇಸರವಿಲ್ಲ, ಸುಮ್ಮನೆ ಮಾತಿಗೆ ತಕ್ಕಂತೆ ನಡೆದುಕೊಳ್ಳುತ್ತಿದ್ದ. ಅದೇ ಅವಳ ಕಷ್ಟ.

ಅಡ್ಡಿ ಮಾಡುವವರು ಯಾರೂ ಇರಲಿಲ್ಲ. ವಿಚ್ಛೇದನವಾಗಿ ಹನ್ನೊಂದು ವರ್ಷ. ಮಗಳು, ತನಗೆ ಪಾಠ ಹೇಳುವ ಗಿರಿಧರ ಅಂಕಲ್ಲನ್ನು ಅವನ ಮುಂದೆಯೇ ಅಣಕಿಸುವಷ್ಟು ಹಚ್ಚಿಕೊಂಡಿದ್ದಳು. ಲೋಕ ಏನನ್ನುತ್ತದೆ ಎಂಬ ವಯಸ್ಸು ದಾಟಿತ್ತು. ಯಾರಾದರೂ ಒಬ್ಬರು ಬೇಡ ಅಂದಿದ್ದರೆ ಅವಳು ಹಟದಿಂದ ಹೂಂ ಅಂದುಬಿಡುತ್ತಿದ್ದಳೇನೋ. ಬೇಡ ಅನ್ನುವ ಆ ದನಿ ಅವಳ ಒಳಗಿನದೇ ಆಗಿತ್ತು. ಅದು ಕಾರಣ ಹೇಳುತ್ತಿರಲಿಲ್ಲ. ದಿನ ಮುಂದೂಡುತ್ತಿತ್ತು ಅಷ್ಟೇ.

ಆರು ಸಲ ಟೈಪ್ ಮಾಡಿ ಅಳಿಸಿದ ಮೇಲೆ ಮೆಸೇಜು ಹೋಯಿತು: ಟೈರಿನ ಕ್ಯಾಪ್ ಬಿಡ್ತಾ ಇಲ್ಲ. ನಾಲ್ಕೂ. ಬರ್ತೀರೇನು?

ಒಂದು ನಿಮಿಷವೂ ಆಗಿರಲಿಲ್ಲ. "ಹತ್ತಕ್ಕ ಬರ್ತೀನಿ. ಏನೂ ಮುಟ್ಟಬ್ಯಾಡ್ರಿ."

ಗೌತಮಿ ಅದನ್ನು ಎರಡು ಸಲ ಓದಿದಳು. ಎರಡನೆಯ ಸಲ ಓದುವ ಅಗತ್ಯವಿರಲಿಲ್ಲ.

* * *

ಹತ್ತಕ್ಕೆ ಐದು ನಿಮಿಷವಿರುವಾಗಲೇ ಸ್ಕೂಟರು ಬಂದು ನಿಂತಿತು. ಗಿರಿಧರ ಕ್ಯಾನ್ವಾಸ್ ಚೀಲ ಇಳಿಸಿ, ಹೆಲ್ಮೆಟ್ ತೆಗೆದು, ಒದ್ದೆಯಾದ ಕೂದಲನ್ನು ಅಂಗೈಯಿಂದ ಹಿಂದಕ್ಕೆ ತಳ್ಳಿದ. ಮೂರು ವಾರದಲ್ಲಿ ಕಿವಿಯ ಹತ್ತಿರ ಇನ್ನೊಂದಿಷ್ಟು ಬೆಳ್ಳಗಾಗಿದೆ ಅನಿಸಿತು ಅವಳಿಗೆ. ಅವನು ಅವಳನ್ನು ನೋಡಿ ತಲೆಯಾಡಿಸಿ, ನೇರವಾಗಿ ಚಕ್ರದ ಮುಂದೆ ಕೂತ. ಕುಶಲ ಕೇಳಲಿಲ್ಲ. ಕೇಳದಿದ್ದುದು ಅವಳಿಗೆ ಚುಚ್ಚಿತು. ಕೇಳಿದ್ದರೆ ಇನ್ನೂ ಚುಚ್ಚುತ್ತಿತ್ತು.

"ಬಾಬೂನ ಕಡೆ ಹೋಗಿದ್ರೇನ್ರಿ?"

"ಹೋಗಿದ್ದೆ."

"ಕತ್ತರಿಸಿ ಹೊಸಾದು ಹಾಕ್ತೀನಿ ಅಂದಿರಬೇಕು."

"ಅಂದ."

"ಒಂದು ತಾಸಿನ ಕೆಲಸ ಅದು," ಎಂದು ಅವನು ಕ್ಯಾಪಿನ ಕಡೆಗೇ ನೋಡುತ್ತಾ ಹೇಳಿದ. "ಭಾಳ ಸಸ್ತಾನೂ ಆಗ್ತಿತ್ತು."

ಗೌತಮಿಯ ಕಿವಿ ಬಿಸಿಯಾಯಿತು. "ನನಗ ಕತ್ತರಿಸೂದು ಬ್ಯಾಡಾಗಿತ್ತು."

ಆಗ ಅವನು ತಲೆ ಎತ್ತಿದ. ನಗು ಮೊದಲು ಕಣ್ಣಿನ ಅಂಚಿಗೆ ಬಂತು, ಬಾಯಿಯ ತನಕ ಬರಲು ಹೊರಟು ಅಲ್ಲೇ ತಡೆಯಿತು. "ಬರೋಬರ್," ಎಂದು ಮತ್ತೆ ಬಗ್ಗಿದ.

ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿಯನ್ನು ಅಲ್ಲಾಡಿಸಿ, ನಾಲ್ಕೂ ಕ್ಯಾಪುಗಳ ಬುಡಕ್ಕೆ ಪಿಚಕಾರಿಯಂತೆ ಹೊಡೆದ. ಹದಿನೈದು ನಿಮಿಷ ಕಾಯಬೇಕು, ಎಣ್ಣೆ ತಾನಾಗಿ ಒಳಗಿಳಿಯಬೇಕು. ಅವನು ಒಂದು ಖಾಲಿ ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ಕೂತ. ಅವಳು ಮೆಟ್ಟಿಲಿನ ಮೇಲೆ. ನಡುವೆ ಎಂಟು ಅಡಿ. ಗೌತಮಿ ಸೆರಗಿನ ತುದಿಯ ದಾರವನ್ನು ಎಳೆದಳು, ಬಿಟ್ಟಳು. ಎದ್ದು ಕಾರಿನ ಕನ್ನಡಿ ಒರೆಸಿದಳು. ಮತ್ತೆ ಕೂತಳು. ಅವನು ಏನೂ ಮಾಡದೆ ಕೂತಿದ್ದ. ಏನೂ ಮಾಡದೆ ಕೂರಲು ಬರುವ ಗಂಡಸನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ.

ಮೊದಲನೆಯ ಮಹಡಿಯ ಗ್ಯಾಲರಿಯಿಂದ ಕಲಾವತಿ ಕಾಕು ಇಣುಕಿದರು. ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಗೆ ಯಾರು ಬಂದರೆಂಬುದು ಅವರಿಗೆ ತಿಳಿಯದೆ ಹೋದದ್ದಿಲ್ಲ. ಗಾಡಿಗೇನಾಯಿತೆಂದು ಮರಾಠಿಯಲ್ಲಿ ಕೇಳಿದರು, ಗೌತಮಿ ಹೇಳಿದಳು. ಮೆಕ್ಯಾನಿಕ್ಕೇ ಎಂದು ಕೇಳಿದರು. ಗೌತಮಿ ಏನು ಹೇಳಲೆಂದು ಹುಡುಕುವಷ್ಟರಲ್ಲಿ ಗಿರಿಧರ ತಲೆ ಎತ್ತಿ, "ಹೋ, ಕಾಕೂ," ಎಂದು ಗಂಭೀರವಾಗಿ ಒಪ್ಪಿಕೊಂಡ. ಹಾಗಾದರೆ ತಮ್ಮ ಮಿಕ್ಸರನ್ನೂ ನೋಡಿ ಹೋಗಬೇಕೆಂದರು ಕಾಕು.

ಹದಿನೈದು ನಿಮಿಷವಾಯಿತು. ಅವನು ಒಂದು ಸಣ್ಣ ಇಕ್ಕಳಕ್ಕೆ ಬಟ್ಟೆ ಸುತ್ತಿ ಅವಳ ಕೈಗೆ ಕೊಟ್ಟ. ವಾಲ್ವಿನ ಕೆಳಭಾಗ ರಬ್ಬರಿನದು, ಕ್ಯಾಪ್ ತಿರುಗಿಸುವಾಗ ಅದೂ ತಿರುಗಿದರೆ ಹರಿದು ಹೋಗುತ್ತದೆ. ಒಬ್ಬರು ಕೆಳಗೆ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಮೇಲೆ ತಿರುಗಿಸಬೇಕು. ಅದೇ ಈ ಕೆಲಸದ ಗುಟ್ಟು ಎಂದು ವಿವರಿಸಿದ. ಅವಳು ಅವನ ಪಕ್ಕದಲ್ಲಿ ಮಂಡಿಯೂರಿದಳು. ಅಂಗೈಯಗಲದ ಜಾಗದಲ್ಲಿ ನಾಲ್ಕು ಕೈ. ಅವನ ಮುಂಗೈ ಅವಳ ಮಣಿಕಟ್ಟಿಗೆ ತಾಗಿ, ಸರಿದು, ಸರಿಯಲು ಜಾಗವಿಲ್ಲದೆ ಮತ್ತೆ ತಾಗಿತು. ಇಬ್ಬರೂ ಅದು ಆಗಿಲ್ಲವೆಂಬಂತೆ ಕ್ಯಾಪನ್ನೇ ನೋಡಿದರು.

ಟಕ್ ಎಂದು ಸದ್ದಾಗಿ ಮೊದಲನೆಯ ಕ್ಯಾಪ್ ಬಿಟ್ಟಿತು. ಒಳಗೆ ಸುಣ್ಣದಂಥ ಬಿಳಿ ಪುಡಿ. ವಾಲ್ವು ಹಿತ್ತಾಳೆಯದು, ಕ್ಯಾಪು ಅಲ್ಯುಮಿನಿಯಮ್ಮಿನದು, ನಡುವೆ ನೀರು ಹೊಕ್ಕರೆ ಒಂದು ಇನ್ನೊಂದನ್ನು ತಿನ್ನಲು ಶುರು ಮಾಡುತ್ತದೆ ಎಂದು ತೋರಿಸಿದ. ಅದಕ್ಕೇ ಕಂಪನಿಯವರು ಪ್ಲಾಸ್ಟಿಕ್ಕಿನದು ಕೊಟ್ಟಿರುತ್ತಾರೆ. ಆಮೇಲೆ ಸಹಜವಾಗಿ ಕೇಳಿದ, "ಇಷ್ಟ ಬಿಗಿ ಯಾರ ಮಾಡಿದ್ರು?"

ಗೌತಮಿ ಇಕ್ಕಳಕ್ಕೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿದಳು.

ಪ್ಲಾಸ್ಟಿಕ್ ಕ್ಯಾಪುಗಳು ಇಲ್ಲಿ ಪಾರ್ಕಿಂಗಿನಲ್ಲಿ ಮೂರು ಸಲ ಕಳುವಾಗಿದ್ದವು. ಮಾರ್ಚಿನಲ್ಲಿ, ಮಗಳ ಪರೀಕ್ಷೆಯ ದಿನಗಳಲ್ಲಿ, ಅವಳು ಸೀತಾಬರ್ಡಿ ಪೇಟೆಯ ಫುಟ್‌ಪಾತಿನಿಂದ ಈ ಹೊಳೆಯುವ ಕ್ಯಾಪುಗಳನ್ನು ತಂದು, ಯಾರೂ ತೆಗೆಯಬಾರದೆಂದು ಇಕ್ಕಳ ಹಾಕಿ ಬಿಗಿದಿದ್ದಳು. ಯಾರೂ ತೆಗೆಯಲಿಲ್ಲ. ಜುಲೈಯಲ್ಲಿ ಅವಳಿಗೂ ತೆಗೆಯಲು ಬರಲಿಲ್ಲ.

ಕ್ಯಾಪು ಒಂದೇ ಅಲ್ಲ. ಉಪ್ಪಿನಕಾಯಿ ಭರಣಿ, ನಲ್ಲಿ, ಗ್ಯಾಸಿನ ಗುಂಡಿ, ಅವಳು ಕೆಲಸ ಮಾಡುವ ಲ್ಯಾಬಿನ ಬಾಟಲಿಗಳು. ಅವಳು ಮುಚ್ಚಿದ್ದನ್ನು ಇನ್ನೊಬ್ಬರು ತೆರೆಯುವುದು ಕಷ್ಟವಾಗಿತ್ತು. ಮದುವೆಯಾಗಿದ್ದ ಒಂಬತ್ತು ವರ್ಷ ಅವಳು ಹಾಕಿದ ಬೀಗವನ್ನು ಗಂಡ ಹೋಗಿ ಎಳೆದು ನೋಡುತ್ತಿದ್ದ. ಅವಳು ಆರಿಸಿದ ಗ್ಯಾಸನ್ನು ಮತ್ತೆ ಆರಿಸುತ್ತಿದ್ದ. ಹೊಡೆಯಲಿಲ್ಲ, ಬೈಯಲಿಲ್ಲ. ಎಳೆದು ನೋಡಿ ಸಣ್ಣಗೆ ನಗುತ್ತಿದ್ದ. ಒಮ್ಮೆ ಹಾಲು ಉಕ್ಕಿದ್ದನ್ನು ಮೂರು ವರ್ಷ ಕಳೆದ ಮೇಲೂ ನೆಂಟರ ಮುಂದೆ ಹೇಳಿದ್ದ. ಅವನ ಕೈಯಿಂದ ಏನಾದರೂ ಒಡೆದರೆ, ಅದನ್ನು ಅಲ್ಲಿಟ್ಟವಳು ಅವಳಾಗಿರುತ್ತಿದ್ದಳು. ಅಂಥ ಮನೆಯಿಂದ ಹೊರಬಿದ್ದ ಹೆಂಗಸಿಗೆ ಒಂಟಿತನ ಭಯವಲ್ಲ. ತನ್ನ ತಪ್ಪನ್ನು ನೋಡಲು ಇನ್ನೊಂದು ಜೊತೆ ಕಣ್ಣು ಮನೆಯಲ್ಲಿ ಇಲ್ಲವೆಂಬುದೇ ಒಂದು ವಿಶ್ರಾಂತಿ. ಆ ವಿಶ್ರಾಂತಿಯನ್ನು ಬಿಟ್ಟುಕೊಡುವುದು ಹೇಗೆ ಎಂದು ತಿಳಿಯದೆ ಅವಳು ಎಂಟು ತಿಂಗಳಿನಿಂದ ದಿನ ದೂಡುತ್ತಿದ್ದಳು.

"ನಾನ," ಎಂದಳು. "ಪಕ್ಕಡ್ ಹಾಕಿ."

ಕಾದಳು.

"ಕೈಯಾಗ ಭಾಳ ತಾಕತ್ ಐತ್ರಿ ನಿಮಗ," ಎಂದ ಗಿರಿಧರ. "ನಮ್ಮ ಫ್ಯಾಕ್ಟರಿಗೆ ಬರ್ರಿ. ಹೆಲ್ಪರ್ ಸಿಗವಲ್ರು."

* * *

ಎರಡನೆಯದು ಎಣ್ಣೆಗೆ ಬಗ್ಗಲಿಲ್ಲ. ಕುದಿಯುವ ನೀರು ಬೇಕೆಂದ. ಬಿಸಿ ತಾಗಿದರೆ ಅಲ್ಯುಮಿನಿಯಮ್ ಹಿತ್ತಾಳೆಗಿಂತ ಹೆಚ್ಚು ಹಿಗ್ಗುತ್ತದೆ, ಕ್ಯಾಪಿನ ಹಿಡಿತ ಸಡಿಲಾಗುತ್ತದೆ.

ಗೌತಮಿ ಮೇಲೆ ಹೋಗಿ ನೀರಿಟ್ಟಳು. ಅಡಿಗೆಮನೆಯ ಕಿಟಕಿಯಿಂದ ಕೆಳಗೆ ಅವನ ಬೆನ್ನು ಕಾಣುತ್ತಿತ್ತು. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವನು ತಿರುಗಿ ನೋಡುವುದಿಲ್ಲವೆಂದು ಖಾತ್ರಿಯಿದ್ದುದರಿಂದ ಅವಳು ಧೈರ್ಯವಾಗಿ ನೋಡಿದಳು. ಅವನು ತಿರುಗಿ ನೋಡಿದ. ಅವಳು ಸರಕ್ಕನೆ ಹಿಂದೆ ಸರಿಯುವಾಗ ಚಮಚದ ಡಬ್ಬಿಗೆ ಕೈ ತಾಗಿ ಚಮಚಗಳೆಲ್ಲ ಗಲಗಲ ಬಿದ್ದವು. ಆ ಸದ್ದು ಕೆಳಗೆ ಕೇಳಿಸಿರಬಾರದೆಂದು ಬೇಡಿಕೊಂಡಳು.

ಕೆಟಲ್ ಹಿಡಿದು ಇಳಿಯುವಾಗ ಗ್ಯಾಲರಿಯಲ್ಲೇ ನಿಂತಿದ್ದ ಕಾಕು, ಟೈರಿಗೂ ಚಹಾ ಕೊಡುತ್ತೀಯೇನೇ, ಆ ಮನುಷ್ಯನಿಗೆ ಇನ್ನೂ ಕೊಟ್ಟಿಲ್ಲ ಎಂದರು.

"ಕಾಕು ಹೇಳೂದು ಖರೇ ಐತಿ," ಎಂದ ಗಿರಿಧರ.

"ಕೆಲಸ ಮುಗೀಲಿ. ಮೆಕ್ಯಾನಿಕ್ಕಿಗೆ ಮೊದಲ ಚಹಾ ಕೊಟ್ರ ಓಡಿ ಹೋಗ್ತಾನ."

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಇಬ್ಬರಿಗೂ ತಿಳಿಯಿತು. ಓಡಿಹೋಗಿದ್ದು ಯಾರು, ಕಾದದ್ದು ಯಾರು. ಅವನು ನಗಲಿಲ್ಲ. ಅವಳ ಕೈಯಿಂದ ಕೆಟಲ್ ತೆಗೆದುಕೊಂಡು ಕ್ಯಾಪಿನ ಮೇಲೆ ತೆಳ್ಳಗೆ ನೀರು ಬಿಟ್ಟ. ಆವಿ ಎದ್ದು ಇಬ್ಬರ ಮುಖದ ನಡುವೆ ನಿಂತಿತು. ಅವಳು ಕೆಳಗೆ ಹಿಡಿದಳು, ಅವನು ಮೇಲೆ ತಿರುಗಿಸಿದ. ಕ್ಯಾಪು ಕಿರ್‌ಗುಟ್ಟುತ್ತಾ ಒಂದೊಂದೇ ಸುತ್ತು ಬಂತು.

ಮೂರನೆಯದು ಎಣ್ಣೆಗೂ ಬಿಸಿನೀರಿಗೂ ಬರಲಿಲ್ಲ. ಗಿರಿಧರ ಗರಗಸದ ಅಲಗೊಂದನ್ನು ಕೈಯಲ್ಲೇ ಹಿಡಿದು, ಕ್ಯಾಪಿನ ಉದ್ದಕ್ಕೆ ಸೀಳು ಮಾಡಲು ಕೂತ. ಒಳಗಿನ ವಾಲ್ವಿಗೆ ತಾಗದಂತೆ ಕ್ಯಾಪನ್ನಷ್ಟೇ ಕೊಯ್ಯಬೇಕು. ಕೂದಲೆಳೆಯಷ್ಟು ಕೊಯ್ಯುವುದು, ಊದಿ ನೋಡುವುದು, ಮತ್ತೆ ಕೊಯ್ಯುವುದು. ಅವನ ಉಸಿರು ತಡೆದ ಮುಖವನ್ನು ಅವಳು ಬಹಳ ಹತ್ತಿರದಿಂದ ನೋಡಿದಳು. ಹುಬ್ಬಿನೊಳಗೊಂದು ಹಳೆಯ ಗಾಯದ ಗುರುತು. ಅದು ಹೇಗಾಯಿತೆಂದು ಎರಡು ವರ್ಷದಲ್ಲಿ ಕೇಳಿರಲಿಲ್ಲವಲ್ಲ ಎಂದುಕೊಂಡಳು.

ಕೊಯ್ಯುತ್ತಲೇ ಅವನು ಹೇಳಿದ. ಕಂಪನಿಯವರು ಹಿಂಗಣಾದಲ್ಲಿ ಫ್ಯಾಕ್ಟರಿ ಪಕ್ಕದಲ್ಲೇ ಒಂಟಿ ನೌಕರರಿಗೆ ಕ್ವಾರ್ಟರ್ಸ್ ಕಟ್ಟಿಸಿದ್ದಾರೆ. ಒಂದು ಕೋಣೆ, ಊಟಕ್ಕೆ ಮೆಸ್. ಒಮ್ಮೆ ಹೆಸರು ಕೊಟ್ಟರೆ ಎರಡು ವರ್ಷ ಅಲ್ಲೇ ಇರುತ್ತೇನೆಂದು ಬರೆದುಕೊಡಬೇಕು. ನಾಳೆ ಸೋಮವಾರ ಕೊನೆಯ ದಿನ. ಆಡಳಿತ ವಿಭಾಗದ ನರಸಿಂಹಮೂರ್ತಿಯವರು ಇವತ್ತೇ ಪಟ್ಟಿ ಮಾಡುತ್ತಿದ್ದಾರೆ.

"ನೀವು ಕೊಡವರೇನು?" ಎಂದು ಕೇಳಿದಳು ಗೌತಮಿ. ತನ್ನ ದನಿ ತನಗೇ ತೀರ ಸಣ್ಣದಾಗಿ ಕೇಳಿಸಿತು.

"ಕೊಡಬೇಕಂತ ಮಾಡೀನಿ. ಬಾಡಿಗಿ ಮನ್ಯಾಗ ಒಬ್ಬನ ಏನು ಮಾಡ್ಲಿ."

ಹಿಂಗಣಾ ಪರದೇಶವಲ್ಲ. ತ್ರಿಮೂರ್ತಿ ನಗರದಿಂದ ಅರ್ಧ ತಾಸಿನ ದಾರಿ. ಆದರೆ ಅವನು ಹೋಗುವುದು ದೂರಕ್ಕಲ್ಲ, ಒಂದು ಕೋಣೆಗೆ. ಮೆಸ್ಸಿನ ತಟ್ಟೆ, ಒಂದು ಮಂಚ, ಒಂದು ಗೂಟ. ತಾನು ಇನ್ನು ಕಾಯುವುದಿಲ್ಲ ಎಂಬುದನ್ನು ಅವನು ಅವಳನ್ನು ದೂರದೆ, ಕ್ಯಾಪು ಕೊಯ್ಯುತ್ತಾ ಹೇಳುತ್ತಿದ್ದ. ಹೇಳಿಬಿಡಬೇಕೆನಿಸಿತು ಅವಳಿಗೆ. ಬೇಡ, ಹೆಸರು ಕೊಡಬೇಡಿ. ಆಮೇಲೆ? ಕೊಡಬೇಡಿ ಅಂದಮೇಲೆ ಮುಂದಿನ ಮಾತನ್ನೂ ಹೇಳಬೇಕಲ್ಲ. ಆ ಮಾತಿನ ಹಿಂದೆ ಒಂದು ಮನೆ, ಅದರಲ್ಲಿ ದಿನವಿಡೀ ಓಡಾಡುವ ಎರಡು ಕಣ್ಣು.

ಅವಳು ವಾಲ್ವಿನ ಬುಡ ಹಿಡಿದೇ ಕೂತಳು. ಅವನು ಸೀಳಿಗೆ ಸ್ಕ್ರೂಡ್ರೈವರ್ ತೂರಿ ತಿರುವಿದ. ಕ್ಯಾಪು ಎರಡು ಹೋಳಾಗಿ ಬಿದ್ದಿತು.

* * *

ನಾಲ್ಕನೆಯ ಚಕ್ರಕ್ಕೆ ಬಂದರು. ಗೌತಮಿ ಬಟ್ಟೆ ಸುತ್ತಿದ ಇಕ್ಕಳ ತೆಗೆದುಕೊಂಡು ಬಗ್ಗುವಷ್ಟರಲ್ಲಿ ಗಿರಿಧರ ಒಬ್ಬನೇ ದೊಡ್ಡ ಇಕ್ಕಳ ಹಾಕಿ, ಹಲ್ಲು ಕಚ್ಚಿ, ಜೋರಾಗಿ ತಿರುಗಿಸಿದ.

ರಬ್ಬರು ಹರಿದ ಸದ್ದಿಗಿಂತ ಮೊದಲು ಗಾಳಿಯ ಸದ್ದು ಬಂತು. ಉದ್ದನೆಯ ಒಂದು ಸೀಟಿ. ಎಣ್ಣೆ, ಧೂಳು ಎಲ್ಲ ಅವನ ಮುಖಕ್ಕೆ ರಾಚಿತು. ಕಾರಿನ ಹಿಂದಿನ ಮೂಲೆ ನಿಧಾನವಾಗಿ ಕುಸಿದು ಕೂತಿತು. ವಾಲ್ವಿನ ತುಂಡು ಕ್ಯಾಪಿನ ಸಮೇತ ಅವನ ಇಕ್ಕಳದಲ್ಲಿತ್ತು.

ಗೌತಮಿ ಅಲುಗದೆ ನಿಂತಳು. ಅವಳು ಟೈರನ್ನು ನೋಡುತ್ತಿರಲಿಲ್ಲ, ಅವನ ಬಾಯಿಯನ್ನು ನೋಡುತ್ತಿದ್ದಳು. ಇಂಥ ಗಳಿಗೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗೊಂದು ಮಾತು ಬರುತ್ತದೆ. ನೀವು ಇಷ್ಟು ಬಿಗಿ ಮಾಡದಿದ್ದರೆ. ನೀವು ಸಮಯಕ್ಕೆ ಸರಿಯಾಗಿ ಹಿಡಿದಿದ್ದರೆ. ಬೆಳಿಗ್ಗೆಯೇ ಬಾಬು ಹೇಳಿದ್ದನ್ನು ಕೇಳಿದ್ದರೆ.

ಗಿರಿಧರ ತುಂಡನ್ನು ತಿರುಗಿಸಿ ನೋಡಿದ. "ತಪ್ಪಾತ್ರಿ," ಎಂದ. "ಜಲ್ದಿ ಮಾಡಿದೆ. ನಂದ ತಪ್ಪು."

ಅವಳು ಇನ್ನೂ ಕಾದಳು. ಆ ವಾಕ್ಯಕ್ಕೆ ಬಾಲ ಇದ್ದೇ ಇರುತ್ತದೆ. ಗ್ಯಾಲರಿಯಲ್ಲಿ ಕಾಕು ಏನೋ ಕೇಳಿದರು. ಬೀದಿಯಲ್ಲಿ ತರಕಾರಿಯವನೊಬ್ಬ ಕೂಗಿಕೊಂಡು ದಾಟಿಹೋದ. ಬಾಲ ಬರಲಿಲ್ಲ. ಅವನು ಮಾತು ಮುಗಿಸಿದ್ದ. ಮುಖದ ತುಂಬ ಮಸಿ, ಮೂಗಿನ ತುದಿಯಲ್ಲಿ ಎಣ್ಣೆಯ ಹನಿ. ಇಪ್ಪತ್ತೆರಡು ವರ್ಷ ಯಂತ್ರಗಳ ನಡುವೆ ಕಳೆದವನು, ಈ ಕೆಲಸದ ಗುಟ್ಟನ್ನು ತಾನೇ ವಿವರಿಸಿದವನು, ನೆಲದ ಮೇಲೆ ಕೂತು ತನ್ನ ತಪ್ಪನ್ನು ತನ್ನದೇ ಎಂದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ.

"ನಾ ಹಿಡೀತಿದ್ದೆ," ಎಂದಳು ಮೆಲ್ಲಗೆ. "ಯಾಕ ಒಬ್ಬರ ಮಾಡಿದ್ರಿ?"

ಅವನು ಇಕ್ಕಳವನ್ನು ನೆಲದ ಮೇಲಿಟ್ಟ.

"ನೀವು ಬಾಜೂಕ ಬಂದು ಹಿಡಿದ್ರ ನನ್ನ ಕೈ ನಡಗ್ತಾವ್ರಿ. ಮೂರು ಸಲ ಹೆಂಗೋ ಮಾಡಿದೆ. ಕ್ವಾರ್ಟರ್ಸ್ ಮಾತು ತಗದ ಮ್ಯಾಲ ನಾಲ್ಕನೇ ಸಲ ಆಗಂಗಿಲ್ಲ ಅನಿಸ್ತು." ತಲೆ ಎತ್ತಲಿಲ್ಲ. "ನೋಡ್ರಿ, ಕೇಳಂಗಿಲ್ಲ ಅಂದಿದ್ದೆ. ಕೇಳಿಲ್ಲ. ನೀವು ಯಾಕ ಅಂದ್ರಿ, ಹೇಳಿದೆ."

ಗೌತಮಿಗೆ ನಗು ಬಂತು. ಅದು ನಗುವೋ ಇನ್ನೇನೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದಳು. ಇಷ್ಟು ದಿನ ಅವನ ಕಣ್ಣಿಗೆ ಹೆದರಿದ್ದಳು. ಅವನ ಕೈಯೂ ನಡುಗುತ್ತದೆಂದು, ತಪ್ಪುವುದಿದ್ದರೆ ಇಬ್ಬರೂ ಸರದಿಯ ಮೇಲೆ ತಪ್ಪಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಆಗಲೇ ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಎರಡೂ ಕೈ ಎತ್ತಿ ತೋರಿಸಿದ, ಮೊಣಕೈವರೆಗೆ ಎಣ್ಣೆ. "ಸ್ವಲ್ಪ ತಗೀತೀರೇನ್ರಿ?"

ಅವಳು ಬಗ್ಗಿ ಎರಡು ಬೆರಳಿನಿಂದ ಜೇಬಿನಿಂದ ಫೋನು ತೆಗೆದಳು. ಬಟ್ಟೆಯ ಹಿಂದೆ ಅವನ ಎದೆ ಹೊಡೆದುಕೊಳ್ಳುತ್ತಿದ್ದುದು ಬೆರಳಿಗೆ ತಿಳಿಯಿತು. ನರಸಿಂಹಮೂರ್ತಿಯವರ ಹೆಸರು. ಗುಂಡಿ ಒತ್ತಿ ಅವನ ಕಿವಿಗೆ ಹಿಡಿದಳು.

ನರಸಿಂಹಮೂರ್ತಿಯವರು ಕಾರ್ಖಾನೆಯಲ್ಲಿ ಆಡಳಿತಾಧಿಕಾರಿ, ಸಂಘದಲ್ಲಿ ಕಾರ್ಯದರ್ಶಿ. ಅವರಿಗೆ ಒಂದು ಸುದ್ದಿ ತಿಳಿದರೆ ನಾಗಪುರದ ಕನ್ನಡದವರಿಗೆಲ್ಲ ಊಟದ ಹೊತ್ತಿಗೆ ತಿಳಿಯುತ್ತಿತ್ತು. ದನಿಯೂ ಅದಕ್ಕೆ ತಕ್ಕಂತೆ. ಫೋನು ಹಿಡಿದು ನಿಂತ ಗೌತಮಿಗೆ ಪ್ರತಿ ಮಾತೂ ಕೇಳಿಸಿತು. ಪಟ್ಟಿ ಮುಗಿಸುತ್ತಿದ್ದೇನೆ, ಗಿರಿಧರ, ಒಂದೇ ಕೋಣೆ ಉಳಿದಿದೆ, ನಿಮ್ಮ ಹೆಸರು ಬರೆಯಲೋ ಬೇಡವೋ, ಈಗಲೇ ಹೇಳಬೇಕು.

ಗಿರಿಧರ ಗೌತಮಿಯನ್ನು ನೋಡಿದ. ಬೇಡುವ ನೋಟವಲ್ಲ. ಅವನು ಕೊಟ್ಟ ಮಾತನ್ನು ಕಣ್ಣಿನಲ್ಲೂ ಮುರಿಯುತ್ತಿರಲಿಲ್ಲ. ಒಂದು ಗಳಿಗೆ ನೋಡಿ, ಕಣ್ಣು ತೆಗೆದು, ಟೈರಿನ ಕಡೆ ತಿರುಗಿದ.

"ಹ್ಞೂಂ, ಸರ್," ಎಂದ. "ಬರ..."

ಗೌತಮಿ ಫೋನನ್ನು ಅವನ ಕಿವಿಯಿಂದ ಎಳೆದು ತನ್ನ ಕಿವಿಗೆ ಇಟ್ಟುಕೊಂಡಳು. ಹೀಗೆ ಮಾಡುತ್ತೇನೆಂದು ಅವಳಿಗೆ ಅರೆಗಳಿಗೆಯ ಹಿಂದೆಯೂ ಗೊತ್ತಿರಲಿಲ್ಲ.

"ನಮಸ್ಕಾರ್ರಿ, ಸರ್. ನಾ ಗೌತಮಿ ಮಾತಾಡೂದು. ರವಿವಾರದ ಕ್ಲಾಸಿನ್ಯಾಗ ಹಿಂದ ಕೂಡ್ತೀನಲ್ರಿ, ಅಮೂಲ್ಯಾನ ತಾಯಿ." ಉಸಿರು ತೆಗೆದುಕೊಂಡಳು. "ಇವರ ಹೆಸರು ಬರೀಬ್ಯಾಡ್ರಿ. ಇವರಿಗೆ ಕ್ವಾರ್ಟರ್ಸ್ ಬ್ಯಾಡ. ಇರ್ಲಿಕ್ಕೆ ನಮ್ಮ ಮನಿ ಅದ."

ಆ ಕಡೆ ನರಸಿಂಹಮೂರ್ತಿಯವರು ಪೆನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಕೆಮ್ಮಿದರು. ಬಹಳ ಸಂತೋಷ ತಾಯಿ ಎಂದರು. ಯಾವಾಗ ಎಂದು ಕೇಳಿದರು.

"ಅದು ಇನ್ನೂ ನಾವಿಬ್ರು ಮಾತಾಡಿಲ್ರಿ," ಎಂದು ಹೇಳಿ ಗೌತಮಿ ಫೋನು ಕಟ್ ಮಾಡಿದಳು.

ಕುಸಿದ ಕಾರಿಗೆ ಬೆನ್ನು ಹಚ್ಚಿ ಅವಳೂ ನೆಲದ ಮೇಲೆ ಕೂತಳು, ಸೀರೆಗೆ ಎಣ್ಣೆಯಾಗುವುದನ್ನು ನೋಡಿಯೂ ಕೂತಳು. ಗಿರಿಧರ ಅವಳ ಕಡೆ ತಿರುಗಿದ್ದ. ಮಸಿಯ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು.

"ಗೌತಮಿ ಅವರ."

"ಹ್ಞಾಂ."

"ಮನ್ಯಾಗ ನಾನೂ ಒಡೀತೀನ್ರಿ, ಕಪ್ಪು ಬಸಿ. ಭಾಳ ಒಡೀತೀನಿ. ಮೊದಲ ಹೇಳಿಬಿಡ್ತೀನಿ."

"ಒಡೀರಿ," ಎಂದಳು. "ನಾನೂ ಒಂದು ಹೇಳಿಬಿಡ್ತೀನಿ. ಮುಂಜಾನೆ ಎದ್ದು ಒಂದು ತಾಸು ನಾ ಯಾರ ಜೋಡಿನೂ ಮಾತಾಡಂಗಿಲ್ಲ. ಹನ್ನೊಂದು ವರ್ಷದ ಚಟ. ಬಿಡೂದಿಲ್ಲ."

"ನಾ ಆಗ ವಾಕಿಂಗ್ ಹೋಗಿರ್ತೀನಿ. ಮಳಿ ಬಂದ್ರ ಕಾಕೂನ ಮನ್ಯಾಗ ಮಿಕ್ಸರ್ ರಿಪೇರಿ."

ಈ ಸಲ ನಗು ಅವನ ಬಾಯಿಯವರೆಗೂ ಬಂತು. ಮಸಿಯ ನಡುವೆ ಹಲ್ಲು ಹೊಳೆದವು. ಗೌತಮಿಗೆ ಆ ಮುಖವನ್ನು ಸೆರಗಿನಿಂದ ಒರೆಸಬೇಕೆನಿಸಿತು, ಒರೆಸಿದಳು. ಮಸಿ ಹೋಗಲಿಲ್ಲ, ಇನ್ನಷ್ಟು ಹರಡಿತು. ಅವನು ಕಣ್ಣು ಮುಚ್ಚಿಕೊಂಡು ಸುಮ್ಮನೆ ಮುಖ ಕೊಟ್ಟ.

ಅವಳ ಫೋನು ರಿಂಗಾಗತೊಡಗಿತು. ನರಸಿಂಹಮೂರ್ತಿಯವರ ಹೆಂಡತಿ. ಎರಡು ನಿಮಿಷವೂ ಆಗಿರಲಿಲ್ಲ. ಅದು ನಿಂತ ಕೂಡಲೇ ಸಂಘದ ಇನ್ನೊಬ್ಬರದು.

"ಎತ್ತಂಗಿಲ್ಲೇನ್ರಿ?"

"ಇವರದೆಲ್ಲ ಆಮ್ಯಾಲ. ಮೊದಲ ಆಕಿಗೆ ಹೇಳಬೇಕು."

ಅವಳು ವರ್ಧಾದ ಹಾಸ್ಟೆಲಿನಲ್ಲಿ ಭಾನುವಾರದ ನಿದ್ದೆ ಮಾಡುತ್ತಿದ್ದ ಮಗಳ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಇಬ್ಬರ ನಡುವೆ ಮಂಡಿಯ ಮೇಲೆ ಇಟ್ಟುಕೊಂಡಳು. ಆ ಕಡೆ ರಿಂಗಾಗುತ್ತಿತ್ತು. ಗಿರಿಧರ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋದ. ಅದಕ್ಕೆ ಮೊದಲೇ ಅವಳು ಆ ಕೈಯನ್ನು ಹಿಡಿದುಕೊಂಡಿದ್ದಳು. ನಿಜವಾಗಿಯೂ ನಡುಗುತ್ತಿತ್ತು.

"ಆಯೀ," ಎಂದಿತು ನಿದ್ದೆಗಣ್ಣಿನ ದನಿ, "ಏನಾತ?"